ಬದುಕುಳಿದವರ ಕಥೆಯಲ್ಲಿ ಬದುಕಿಸಿದವರು ಎಲ್ಲಿ?

ಕಳೆದ ಬೇಸಗೆಯಲ್ಲಿ ಸಂಬಂಧಿಕರೊಬ್ಬರ ಮದುವೆಗೆಂದು ನಾವು ಕುಣಿಗಲ್ ತಾಲೂಕಿನ ಕೊತ್ತಗೆರೆಗೆ ಹೋಗಿದ್ದೆವು. ಊಟ ಮುಗಿದಿತ್ತು. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ರಸ್ತೆ ಬದಿಯ ಚಹಾದಂಗಡಿಯಲ್ಲಿ ಕುಳಿತೆವು. ಪಕ್ಕದ ಬೆಂಚಿನಲ್ಲಿ ನಾಲ್ಕು ಮಂದಿ ಹುಡುಗರು ಒಂದೇ ಮೊಬೈಲಿನ ಮೇಲೆ ಬಗ್ಗಿದ್ದರು. ಸಾವನ್ನು ಗೆದ್ದು ಬಂದವರ ಕುರಿತ ವಿಡಿಯೊ ಅದು. ಹಿಮಪರ್ವತದಲ್ಲಿ ಬಿದ್ದ ವಿಮಾನ, ಮುಳುಗಿದ ಹಡಗು, ಕುಸಿದ ಗಣಿ ಒಂದರ ಹಿಂದೊಂದು ಬರುತ್ತಿದ್ದವು. ಟೈಟಾನಿಕ್ ಯಾವ ವರ್ಷ ಮುಳುಗಿತೆಂದು ಕೇಳಿದೆವು. ಹುಡುಗನೊಬ್ಬ ತಲೆಯೆತ್ತದೆಯೇ 1912 ಎಂದ. ಧಾತು-ಈಶ್ವರದ ಬರದ ಬಗ್ಗೆ ಕೇಳಿದಾಗ ಮಾತ್ರ ತಲೆಯೆತ್ತಿದ. ಅವನಿಗೆ ಆ ಹೆಸರೇ ಹೊಸದು.

ಹುಡುಗರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆ ವಯಸ್ಸಿನಲ್ಲಿ ನಾವೂ ಇಂತಹ ಕಥೆಗಳನ್ನು ವಾರಪತ್ರಿಕೆಗಳಲ್ಲಿ ಹುಡುಕಿ ಓದಿದವರೇ. ನಮ್ಮನ್ನು ಯೋಚನೆಗೆ ಹಚ್ಚಿದ್ದು ಅಂಗಡಿಯ ಮೂಲೆಯಲ್ಲಿ ಕುಳಿತಿದ್ದ, ಎಂಬತ್ತು ದಾಟಿದ ಹಿರಿಯರ ಮಾತು. "ಅದೆಲ್ಲ ದೂರದ್ದು ಸಾಹೇಬ್ರೇ. ನಮ್ಮವ್ವ ಹೇಳ್ತಿದ್ಲು, ಪಿಳೇಗು ಬಂದಾಗ ಅವಳು ಏಳು ವರ್ಷದೋಳಂತೆ. ಇಲಿ ಬಿತ್ತು ಅಂತಿದ್ದಂಗೆ ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕಂಡ್ರಂತೆ. ಅಲ್ಲೇ ಅವರಪ್ಪ ಹೋದ್ರು, ಅಣ್ಣನೂ ಹೋದ. ಗುಡ್ಲತ್ರ ಒಂದು ನರಪಿಳ್ಳೆ ಬರ್ತಿರಲಿಲ್ಲ. ಯಾರೋ ಒಬ್ರು ಮಾತ್ರ ಬದೀನ ಮೇಲೆ ರಾಗಿ ಇಟ್ಟು, ಕೂಗಿ, ಹೊರಟೋಗೋರಂತೆ. ಯಾರಾತ ಅಂತ ಕೇಳಿದ್ರೆ ಅವ್ವನಿಗೆ ಹೆಸರು ಗೊತ್ತಿಲ್ಲ. ದನಿ ಮಾತ್ರ ಸಾಯೋಗಂಟ ನೆನಪಿತ್ತು."

ಬಸ್ಸು ಬಂತು, ನಾವು ಹತ್ತಿದೆವು. ಹೆಸರಿಲ್ಲದ ಆ ದನಿ ಮಾತ್ರ ದಾರಿಯುದ್ದಕ್ಕೂ ನಮ್ಮ ಜೊತೆಗಿತ್ತು. ದುರಂತಗಳ ಕಥೆಯನ್ನು ನಾವು ಹೇಳುವ ರೀತಿಯಲ್ಲೇ ಏನೋ ಕೊರತೆಯಿದೆಯೆಂದು ಅಂದು ಅನಿಸಿತು. ಬದುಕುಳಿದವನ ಕಥೆ ನಮಗೆ ಸಿಗುತ್ತದೆ. ಅವನನ್ನು ಬದುಕಿಸಿದವನ ಹೆಸರು ಏಕೆ ಸಿಗುವುದಿಲ್ಲ? ಈ ಪ್ರಶ್ನೆಯನ್ನು ಇಟ್ಟುಕೊಂಡು ಕೆಲವು ಕಥೆಗಳನ್ನೂ ಕೆಲವು ಕನ್ನಡ ಕಾದಂಬರಿಗಳನ್ನೂ ಮತ್ತೊಮ್ಮೆ ಓದುವ ಪ್ರಯತ್ನ ಇಲ್ಲಿದೆ.

ಸಾಹಸದ ಕಥೆಯ ಮಿತಿ

ಇಂತಹ ಕಥೆಗಳಿಗೆ ಒಂದು ಸಿದ್ಧ ಅಚ್ಚಿದೆ. ಮೊದಲು ಸತ್ತವರ ಸಂಖ್ಯೆ, ಬಳಿಕ ಒಬ್ಬ ಧೀರ, ಕೊನೆಗೊಂದು ಪವಾಡ. ಬದುಕುವ ಛಲವಿದ್ದವನು ಬದುಕಿದ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಛಲವಿದ್ದೂ ಸತ್ತವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಟೈಟಾನಿಕ್ಕನ್ನೇ ನೋಡಿ. ಸುಮಾರು 1500 ಮಂದಿ ಸತ್ತರು, 700ರಷ್ಟು ಮಂದಿ ಉಳಿದರು. ಮೊದಲ ದರ್ಜೆಯ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಬದುಕಿದರೆ, ಮೂರನೆಯ ದರ್ಜೆಯಲ್ಲಿ ಬದುಕಿದವರು ಸುಮಾರು ಕಾಲು ಭಾಗ. ಸಮುದ್ರದ ನೀರು ಎಲ್ಲರಿಗೂ ಒಂದೇ ತಣ್ಣಗಿತ್ತು. ದೋಣಿಗಳಿದ್ದ ಅಟ್ಟ ಮಾತ್ರ ಎಲ್ಲರಿಗೂ ಒಂದೇ ದೂರದಲ್ಲಿರಲಿಲ್ಲ. ಈ ಲೆಕ್ಕವನ್ನು ಬಿಟ್ಟು ಹೇಳಿದ ಟೈಟಾನಿಕ್ ಕಥೆ ಅರ್ಧ ಸತ್ಯ.

ಹುಡುಗರು ನೋಡುತ್ತಿದ್ದ ಹಿಮಪರ್ವತದ ಕಥೆ 1972ರದು. ಆ ವರ್ಷದ ಅಕ್ಟೋಬರಿನಲ್ಲಿ ಉರುಗ್ವೆಯ 45 ಮಂದಿಯನ್ನು ಹೊತ್ತ ವಿಮಾನ ಆಂಡೀಸ್ ಪರ್ವತಗಳಲ್ಲಿ ಬಿತ್ತು. 72 ದಿನಗಳ ನಂತರ 16 ಮಂದಿ ಜೀವಂತವಾಗಿ ಹೊರಬಂದರು. ಅವರಲ್ಲಿಬ್ಬರು ಹತ್ತು ದಿನ ಪರ್ವತ ಹತ್ತಿಳಿದು ಸಹಾಯ ಹುಡುಕಿದ್ದು ಅಸಾಧಾರಣ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನಡಿಗೆ ಕೊನೆಗೊಂಡದ್ದು ಒಂದು ಹೊಳೆಯ ದಡದಲ್ಲಿ. ಆಚೆ ದಡದಲ್ಲಿದ್ದವನು ಸೆರ್ಜಿಯೊ ಕಟಲಾನ್ ಎಂಬ ಚಿಲಿ ದೇಶದ ದನಗಾಹಿ. ನೀರಿನ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಆತ ಕಲ್ಲಿಗೆ ಕಾಗದ, ಪೆನ್ಸಿಲು ಕಟ್ಟಿ ಎಸೆದ. ರೊಟ್ಟಿಯನ್ನೂ ಎಸೆದ. ಅವರು ಬರೆದು ಎಸೆದ ಚೀಟಿಯನ್ನು ಓದಿ, ಗಂಟೆಗಟ್ಟಲೆ ಸವಾರಿ ಮಾಡಿ ಪೊಲೀಸರಿಗೆ ಸುದ್ದಿ ಮುಟ್ಟಿಸಿದ. ಅಪರಿಚಿತರ ಬಟ್ಟೆ ಹರಿದಿತ್ತು, ಗಡ್ಡ ಬೆಳೆದಿತ್ತು. ಯಾರೆಂದು ಗೊತ್ತಿರಲಿಲ್ಲ. ಅನುಮಾನಪಟ್ಟು ಹೊರಟುಹೋಗಲು ಅವನಿಗೆ ಬೇಕಾದಷ್ಟು ಕಾರಣಗಳಿದ್ದವು. ಹುಡುಗರ ವಿಡಿಯೊದಲ್ಲಿ ಈತನಿಗೆ ಸಿಕ್ಕಿದ್ದು ಕೆಲವೇ ಕ್ಷಣ.

ಕೊತ್ತಗೆರೆಯ ಹೊಲದ ಬದುವಿನ ಮೇಲೆ ರಾಗಿ ಇಟ್ಟವನಿಗೂ ಹೊಳೆಯಾಚೆಯಿಂದ ರೊಟ್ಟಿ ಎಸೆದವನಿಗೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಒಬ್ಬನ ಹೆಸರು ಉಳಿಯಿತು, ಇನ್ನೊಬ್ಬನದು ಉಳಿಯಲಿಲ್ಲ, ಅಷ್ಟೇ.

ನಮ್ಮದೇ ನಾಡಿನ ಉದಾಹರಣೆ ಬೇಕಿದ್ದರೆ 2010ರ ಮೇ 22ನ್ನು ನೆನೆಯಬಹುದು. ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಓಡುದಾರಿ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. 8 ಮಂದಿ ಉಳಿದರು. ಕರಾವಳಿ ಮತ್ತು ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಗಲ್ಫಿನ ದುಡಿಮೆಯಿಂದ ಹೊತ್ತುತ್ತಿದ್ದ ಒಲೆ ಅಂದು ಆರಿತು. ಮಾಧ್ಯಮಗಳು ಆ ಎಂಟು ಮಂದಿಯ ಅದೃಷ್ಟವನ್ನು ವಾರಗಟ್ಟಲೆ ಬಣ್ಣಿಸಿದವು. ಹೊಗೆಯ ನಡುವೆ ಕಣಿವೆಗೆ ಇಳಿದ ಸ್ಥಳೀಯರ ಬಗ್ಗೆ ಬಂದದ್ದು ಕೆಲವೇ ಸಾಲು. ಪರಿಹಾರಕ್ಕಾಗಿ ಸತ್ತವರ ಮನೆಯವರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಂತೂ ಒಳಪುಟದ ಸುದ್ದಿಯಾಯಿತು. ದುರಂತದ ನಂತರ ಬದುಕುವುದು ದುರಂತದಲ್ಲಿ ಬದುಕುಳಿಯುವುದಕ್ಕಿಂತ ಸುಲಭವೆಂದು ಯಾರು ಹೇಳಿದರು?

ಐವತ್ತು ಲಕ್ಷ ನಲವತ್ತೆರಡು ಲಕ್ಷವಾದ ಹತ್ತು ವರ್ಷ

ಈಗ ಆ ಹುಡುಗನಿಗೆ ಗೊತ್ತಿಲ್ಲದ ಬರದ ಮಾತು. 1876-77 ಧಾತು ಸಂವತ್ಸರ, 1877-78 ಈಶ್ವರ ಸಂವತ್ಸರ. ಈ ಎರಡು ವರ್ಷಗಳ ಹೆಸರನ್ನೇ ಹಳಬರು ಬರಕ್ಕಿಟ್ಟರು. 1871ರ ಜನಗಣತಿಯಂತೆ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರ ಗಣತಿಯಲ್ಲಿ ಸಿಕ್ಕವರು 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿಯಿತು. ಟೈಟಾನಿಕ್ಕಿನಂತಹ ಐದುನೂರಕ್ಕೂ ಹೆಚ್ಚು ಹಡಗುಗಳು ಈ ನೆಲದಲ್ಲೇ ಮುಳುಗಿದ ಹಾಗೆ. ಆದರೂ ಅದರ ಮೇಲೆ ಸಿನಿಮಾ ಇಲ್ಲ, ವಿಡಿಯೊ ಇಲ್ಲ.

ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಮಳೆ ತಪ್ಪಿದ್ದು ನಿಜ. ಆದರೆ ಜನ ಸತ್ತದ್ದು ಮಳೆ ತಪ್ಪಿದ್ದರಿಂದ ಮಾತ್ರವೇ? ಮದ್ರಾಸಿನ ಕಡೆಯಿಂದ ಧಾನ್ಯ ತರುವ ರೈಲು 1864ರಿಂದಲೇ ಬೆಂಗಳೂರಿಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಮೇವು ನೀರಿಲ್ಲದ ಎತ್ತುಗಳು ಜನರಿಗಿಂತ ಮೊದಲೇ ಬಿದ್ದವು. ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ನೆರೆಯ ಮದ್ರಾಸು ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯಲ್ಲಿ ದುಡಿಯುವವರ ದಿನಗೂಲಿಯನ್ನು ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆಗೆ ಇಳಿಸಿದ. ಅದರಲ್ಲಿ ದುಡಿಯುವ ಮನುಷ್ಯ ಬದುಕಲಾರನೆಂದು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಬೇಕಾಯಿತು. ಮೈಸೂರು-ಬೆಂಗಳೂರು ರೈಲುದಾರಿಯ ಮಣ್ಣನ್ನು ಹೊತ್ತದ್ದೂ ಈ ಬರದ ಕೂಲಿಗಳೇ. ಅಂದಹಾಗೆ ಕುಣಿಗಲ್ಲಿಗೆ ರೈಲು ಬಂದದ್ದು 2017ರಲ್ಲಿ, ಆ ಬರದ ನೂರನಲವತ್ತು ವರ್ಷಗಳ ನಂತರ.

ಕ್ಷಾಮವೆಂದರೆ ಆಹಾರ ಇಲ್ಲದಿರುವುದಕ್ಕಿಂತ ಹೆಚ್ಚಾಗಿ, ಇರುವ ಆಹಾರ ಜನರ ಕೈಗೆ ಸಿಗದಿರುವುದು ಎಂದು ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ನಮ್ಮ ರೈತರಿಗೆ ಇದು ಅನುಭವದಿಂದಲೇ ಗೊತ್ತಿತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಗೇವು ಎಂಬ ನೆಲದೊಳಗಿನ ಕಣಜಗಳಿದ್ದವು. ರಾಗಿಯನ್ನು ಅದರಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ಬರ ಬಂದಾಗ ಯಾರ ಹಗೇವು ತೆರೆಯಿತು, ಯಾರದು ತೆರೆಯಲಿಲ್ಲ, ತೆರೆದದ್ದು ಯಾರಿಗಾಗಿ? ಆ ಬರದ ನಿಜವಾದ ಚರಿತ್ರೆ ಈ ಪ್ರಶ್ನೆಗಳಲ್ಲಿದೆ. ಸರ್ಕಾರಿ ವರದಿಗಳಲ್ಲಿ ಗಂಜಿ ಕೇಂದ್ರಗಳ ಲೆಕ್ಕ ಸಿಗುತ್ತದೆ, ಹಗೇವುಗಳ ಲೆಕ್ಕ ಸಿಗುವುದಿಲ್ಲ. ಅದನ್ನು ಹೇಳಬೇಕಾದದ್ದು ಸಾಹಿತ್ಯ. ಆದರೆ ಪ್ಲೇಗಿಗೆ ಸಿಕ್ಕಷ್ಟು ದೊಡ್ಡ ಜಾಗ ಕನ್ನಡ ಕಾದಂಬರಿಯಲ್ಲಿ ಧಾತು-ಈಶ್ವರಕ್ಕೆ ಸಿಗಲಿಲ್ಲ. ಹಸಿವಿನಿಂದ ಸತ್ತವರ ಮನೆಗಳಲ್ಲಿ ಬರೆಯಬಲ್ಲವರು ಇರಲಿಲ್ಲವೆಂಬುದು ಇದಕ್ಕೊಂದು ಕಾರಣವಿರಬಹುದು.

ಉಳಿದವನು ಬರೆದ ಪ್ಲೇಗು

ಪ್ಲೇಗು ಹಾಗಲ್ಲ. ಅದು ಬರೆಯಬಲ್ಲವರ ಮನೆಗೂ ನುಗ್ಗಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರಿಗೆ ಬಂದ ಈ ರೋಗ ಮುಂದಿನ ದಶಕಗಳಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಕುಣಿಗಲ್ಲಿನಿಂದ ಯಡಿಯೂರಿನ ಮೇಲೆ ಹಾಸನದ ಹೆದ್ದಾರಿ ಹಿಡಿದರೆ ಚನ್ನರಾಯಪಟ್ಟಣ ಸಿಗುತ್ತದೆ. ಆ ಸೀಮೆಯ ಸಂತೇಶಿವರದಲ್ಲಿ ಹುಟ್ಟಿ, ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡ ಹುಡುಗನೊಬ್ಬ ಮುಂದೆ ಕಾದಂಬರಿಕಾರನಾದ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' 1970ರಲ್ಲಿ ಬಂತು.

ಭೈರಪ್ಪನವರ ನಂತರದ ಕೆಲವು ಕಾದಂಬರಿಗಳ ಬಗ್ಗೆ, ವಿಶೇಷವಾಗಿ 'ಆವರಣ'ದ ಇತಿಹಾಸ ದೃಷ್ಟಿಯ ಬಗ್ಗೆ, ನಮಗೆ ತೀವ್ರವಾದ ಭಿನ್ನಾಭಿಪ್ರಾಯವಿದೆ. 2025ರಲ್ಲಿ ಅವರು ತೀರಿಕೊಂಡ ನಂತರವೂ ಅದು ಹಾಗೆಯೇ ಇದೆ. ಆದರೆ ಆ ಕಾರಣಕ್ಕೆ 'ಗೃಹಭಂಗ'ವನ್ನು ಓದದೆ ಬಿಡುವುದು ನಮಗೆ ನಾವೇ ಮಾಡಿಕೊಳ್ಳುವ ನಷ್ಟ. ಶ್ಯಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುವ ನಂಜಮ್ಮ, ಬೆಳೆದ ಮಗಳು ಪಾರ್ವತಿಯನ್ನೂ ಮಗ ರಾಮಣ್ಣನನ್ನೂ ಪ್ಲೇಗಿಗೆ ಒಪ್ಪಿಸುವ ಪುಟಗಳಲ್ಲಿ ಲೇಖಕರು ಒಂದು ಹನಿ ಕಣ್ಣೀರನ್ನೂ ಬೇಡುವುದಿಲ್ಲ. ಊರು ಬಿಡುವುದು, ಗುಡಿಸಲು ಕಟ್ಟುವುದು, ಜ್ವರ ಏರುವುದು, ಗಡ್ಡೆ ಏಳುವುದು ಎಲ್ಲವೂ ದಿನದ ಕೆಲಸದಂತೆ ನಡೆಯುತ್ತದೆ. ಕೊನೆಗೆ ನಂಜಮ್ಮನೂ ಹೋಗುತ್ತಾಳೆ. ಉಳಿಯುವವನು ಕಿರಿಯ ಮಗ ವಿಶ್ವ.

ಸಾಹಸದ ಕಥೆಯಾಗಿದ್ದರೆ ವಿಶ್ವ ಉಳಿದ ಎಂಬಲ್ಲಿಗೆ ಮುಗಿಯುತ್ತಿತ್ತು. 'ಗೃಹಭಂಗ' ಅಲ್ಲಿ ನಿಲ್ಲುವುದಿಲ್ಲ. ಉಳಿದ ಮಗುವನ್ನು ಇಟ್ಟುಕೊಳ್ಳುವವರು ಯಾರೆಂದು ಅದು ಕೇಳುತ್ತದೆ. ರಕ್ತಸಂಬಂಧದ ಮನೆಯಲ್ಲಿ ಆ ಮಗುವಿಗೆ ಸಿಗುವುದು ಬಡಿತ. ಅವನ ಕೈಹಿಡಿದು ಹೊರಡುವವರು ಸ್ವಂತ ಮನೆಯೇ ಇಲ್ಲದ, ಭಿಕ್ಷೆಯಲ್ಲಿ ಬದುಕುವ, ಬೇರೆ ಜಾತಿಯ ಮಹಾದೇವಯ್ಯನವರು. ಕಾದಂಬರಿಯ ಹೆಸರು ಮನೆ ಮುರಿದ ಕಥೆಯೆಂದು ಹೇಳಿದರೂ, ಮುರಿದ ಮನೆಯಿಂದ ಒಂದು ಜೀವ ಹೇಗೆ ದಾಟಿತು ಎಂಬ ಲೆಕ್ಕವೂ ಅದರೊಳಗಿದೆ. ತಾನು ಉಳಿದದ್ದು ತನ್ನ ಬಲದಿಂದಲ್ಲ ಎಂದು ಅನುಭವದಿಂದ ಬಲ್ಲವರು ಮಾತ್ರ ಇಂತಹ ಲೆಕ್ಕ ಬರೆಯಬಲ್ಲರು.

ಗಾಡಿ ಹೊಡೆದುಕೊಂಡು ಬಂದವನು

ಇನ್ನೊಂದು ಪ್ಲೇಗಿನ ಕಾದಂಬರಿ ಇದಕ್ಕಿಂತ ಪ್ರಸಿದ್ಧ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ಶಿವಮೊಗ್ಗಕ್ಕೆ ಹೋಗಿ ಜ್ವರ ಹೊತ್ತು ಬಂದ ನಾರಣಪ್ಪ ದೂರ್ವಾಸಪುರದ ಅಗ್ರಹಾರದಲ್ಲಿ ಸಾಯುತ್ತಾನೆ. ಆಚಾರಗಳನ್ನೆಲ್ಲ ಬಿಟ್ಟವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಅದು ತೀರ್ಮಾನವಾಗುವವರೆಗೆ ಅಗ್ರಹಾರದಲ್ಲಿ ಊಟವಿಲ್ಲ. ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ. ಇತ್ತ ಇಲಿಗಳು ಬೀಳುತ್ತವೆ, ಹದ್ದುಗಳು ಇಳಿಯುತ್ತವೆ, ಹೆಣ ಕೊಳೆಯುತ್ತದೆ.

ಈ ಪ್ರಶ್ನೆಗೆ ಕಾದಂಬರಿಯೊಳಗೇ ಉತ್ತರ ಸಿಗುತ್ತದೆ, ಅದೂ ಕೆಲವೇ ಸಾಲುಗಳಲ್ಲಿ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಕತ್ತಲೆಯಲ್ಲಿ ಮುಸ್ಲಿಮರ ಕೇರಿಗೆ ಹೋಗುತ್ತಾಳೆ. ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ ಗಾಡಿ ಹೊಡೆದುಕೊಂಡು ಬಂದು, ಹೆಣವನ್ನೂ ಸೌದೆಯನ್ನೂ ಏರಿಸಿಕೊಂಡು ಹೋಗಿ, ಅಗ್ರಹಾರಕ್ಕೆ ಗೊತ್ತಾಗದಂತೆ ಸುಟ್ಟು ಹೊರಟುಹೋಗುತ್ತಾನೆ. ಇಡೀ ಅಗ್ರಹಾರ ಉಪವಾಸವಿದ್ದು ಕಾದ ಕೆಲಸವನ್ನು ಆ ಪ್ರಶ್ನೆಯ ಹೊರಗೇ ಇದ್ದ ಒಬ್ಬ ಮನುಷ್ಯ ಮಾಡಿ ಮುಗಿಸುತ್ತಾನೆ.

'ಸಂಸ್ಕಾರ'ದ ಬಗ್ಗೆ ಕನ್ನಡದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಚರ್ಚೆ ನಡೆದಿದೆ. ಅದರ ಬಹುಪಾಲು ಪ್ರಾಣೇಶಾಚಾರ್ಯರ ಅಂತರಂಗದ ಸುತ್ತಲೇ ತಿರುಗಿದೆ. ಅಹಮದ್ ಬ್ಯಾರಿ ಕಥೆಯನ್ನು ಮುಂದಕ್ಕೆ ತಳ್ಳಲು ಬಂದ ಒಂದು ಅನುಕೂಲವೆಂಬಂತೆ ಹಿಂದೆ ಉಳಿದಿದ್ದಾನೆ. ಇದನ್ನು ವಿಮರ್ಶಕರ ದೋಷವೆಂದು ಮಾತ್ರ ಹೇಳಲಾಗದು. ಕಾದಂಬರಿಯೂ ಅವನನ್ನು ಕತ್ತಲೆಯಲ್ಲೇ ಕರೆಸಿ ಕತ್ತಲೆಯಲ್ಲೇ ಕಳಿಸುತ್ತದೆ. ಆ ರಾತ್ರಿ ರೋಗದ ಹೆಣವನ್ನು ಮುಟ್ಟಿದವನಿಗೆ ಮುಂದೆ ಏನಾಯಿತು? ಅವನಿಗೆ ಜ್ವರ ಬಂತೇ? ಅವನ ಮಕ್ಕಳಿಗೆ? ಕಾದಂಬರಿ ಅವನ ಹಿಂದೆ ಹೋಗುವುದಿಲ್ಲ.

ಆದರೆ ಅನಂತಮೂರ್ತಿಯವರು ಒಂದು ವಿವರವನ್ನು ಮರೆತಿಲ್ಲ. ನಮ್ಮ ಪಾಲಿಗೆ ಇಡೀ ಪ್ರಸಂಗದ ಬೆಲೆ ಅದರಲ್ಲೇ ಇದೆ. ಬ್ಯಾರಿ ಕೈಸೋತಿದ್ದಾಗ ಎತ್ತು ಕೊಳ್ಳಲು ನಾರಣಪ್ಪ ಸಾಲ ಕೊಟ್ಟಿದ್ದ. ಆ ನೆನಪಿನಿಂದ ಅವನು ಬಂದ. ಲೇಖಕರು ಅವನನ್ನು ಸಂತನನ್ನಾಗಿ ಮಾಡಲಿಲ್ಲ, ಸೌಹಾರ್ದದ ಭಾಷಣವನ್ನೂ ಅವನ ಬಾಯಿಗೆ ಹಾಕಲಿಲ್ಲ. ಒಂದು ಸಾಲ, ಒಂದು ಜೋಡಿ ಎತ್ತು, ಒಂದು ಋಣ, ಅಷ್ಟೇ. ದುರಂತದ ರಾತ್ರಿ ನಡೆದು ಬರುವ ಮನುಷ್ಯ ಸಾಮಾನ್ಯ ದಿನಗಳಲ್ಲಿ ಸವೆದ ದಾರಿಯಲ್ಲೇ ಬರುತ್ತಾನೆ. ಆ ದಾರಿ ಮೊದಲೇ ಇರದಿದ್ದರೆ ಚಂದ್ರಿ ಯಾರ ಬಾಗಿಲು ತಟ್ಟುತ್ತಿದ್ದಳು?

ದಾರಿ ಇಲ್ಲದಾಗ ಏನಾಗುತ್ತದೆಂಬುದನ್ನು ಅದಕ್ಕೂ ಮೂರು ದಶಕ ಮೊದಲೇ ಶಿವರಾಮ ಕಾರಂತರು 'ಚೋಮನ ದುಡಿ'ಯಲ್ಲಿ ತೋರಿಸಿದ್ದರು. ಚೋಮನ ಎಳೆಯ ಮಗ ನೀಲ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಬಾರದವರ ಮಗುವೆಂಬ ಕಾರಣಕ್ಕೆ ಎತ್ತುವವರಿಲ್ಲ. ಆಂಡೀಸಿನ ಹೊಳೆಯಾಚೆ ನಿಂತವನು ರೊಟ್ಟಿ ಎಸೆದ. ಇಲ್ಲಿ ಹೊಳೆಯ ದಡದಲ್ಲೇ ನಿಂತವರು ಕೈ ಚಾಚಲಿಲ್ಲ. ನೀಲನನ್ನು ಕೊಂದದ್ದು ನೀರೆಂದು ಹೇಳುವವರು ಧಾತು-ಈಶ್ವರದಲ್ಲಿ ಜನರನ್ನು ಕೊಂದದ್ದು ಮಳೆಯೆಂದೂ ಹೇಳುತ್ತಾರೆ.

ವಿಧಿ ಮತ್ತು ಕಣಜ

ನಮ್ಮ ಸಮುದಾಯದೊಳಗೂ ಒಂದು ಮಾತು ಆಗಬೇಕಾಗಿದೆ. ದುರಂತ ಬಂದಾಗ ನಮ್ಮ ವೇದಿಕೆಗಳಿಂದ ಹೆಚ್ಚಾಗಿ ಕೇಳಿಬರುವುದು ವಿಧಿಯ ಮಾತು, ಇಲ್ಲವೇ ಪವಾಡದ ಕಥೆ. ಭೂಕಂಪದಲ್ಲಿ ಎಲ್ಲವೂ ಕುಸಿದರೂ ಮಸೀದಿ ಮಾತ್ರ ಉಳಿಯಿತೆಂಬ ಚಿತ್ರಗಳನ್ನು ಹಂಚುವವರು, ಕುಸಿದ ಮನೆಗಳ ಸಿಮೆಂಟಿನ ಬಗ್ಗೆ ಏನನ್ನೂ ಕೇಳುವುದಿಲ್ಲ. ಆದರೆ ನಮ್ಮ ಪರಂಪರೆ ಕಲಿಸಿದ್ದು ಇದನ್ನೇ?

ಕುರ್‌ಆನ್ ಹೇಳುವ ಯೂಸುಫರ ವೃತ್ತಾಂತ ಮೂಲತಃ ಒಂದು ಬರಗಾಲದ ಕಥೆಯೂ ಹೌದು. ಏಳು ವರ್ಷ ಬೆಳೆ, ಏಳು ವರ್ಷ ಬರ. ಕನಸಿನ ಅರ್ಥ ಹೇಳಿದ ಪ್ರವಾದಿ ಜನರನ್ನು ಪವಾಡಕ್ಕಾಗಿ ಕಾಯಲು ಬಿಡಲಿಲ್ಲ. ಬೆಳೆದುದನ್ನು ತೆನೆಯಲ್ಲೇ ಉಳಿಸಿಡುವ ಉಪಾಯ ಹೇಳಿದರು, ಕಣಜದ ಜವಾಬ್ದಾರಿಯನ್ನು ತಾವೇ ಕೇಳಿ ಪಡೆದರು. ಬರ ಬಂದಾಗ, ತಮ್ಮನ್ನು ಬಾವಿಗೆ ತಳ್ಳಿದ ಅಣ್ಣಂದಿರಿಗೂ ಆ ಕಣಜದಿಂದಲೇ ಧಾನ್ಯ ಅಳೆದರು. ಹಗೇವು ತೋಡಿದ ನಮ್ಮ ರೈತನಿಗೆ ಈ ಕಥೆ ಹೇಳಿದರೆ ತಕ್ಷಣ ಅರ್ಥವಾದೀತು.

ಹಿಜರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಸಿರಿಯಾದ ಕಡೆ ಅಮ್ವಾಸಿನ ಪ್ಲೇಗು ಹಬ್ಬಿತು. ದಾರಿಯಲ್ಲಿ ಸುದ್ದಿ ತಿಳಿದ ಖಲೀಫ ಉಮರ್(ರ) ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ದೇವನ ವಿಧಿಯಿಂದ ಓಡುತ್ತಿದ್ದೀರಾ ಎಂದು ಸೇನಾಪತಿ ಅಬೂ ಉಬೈದ(ರ) ಕೇಳಿದಾಗ, ಒಂದು ವಿಧಿಯಿಂದ ಅದೇ ದೇವನ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆಂಬ ಅರ್ಥದ ಉತ್ತರ ಕೊಟ್ಟರು. ರೋಗವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಅದು ಬಂದರೆ ಓಡಿಹೋಗಬೇಡಿ ಎಂಬ ಪ್ರವಾದಿ ವಚನವನ್ನು ಅಲ್ಲಿ ಸಂಗಾತಿಯೊಬ್ಬರು ನೆನಪಿಸಿದರು. ಮುಂದೆ ಅಬೂ ಉಬೈದ(ರ) ಅದೇ ಪ್ಲೇಗಿನಲ್ಲಿ ತೀರಿಕೊಂಡರು. ವಿಶ್ವಾಸಕ್ಕೂ ಎಚ್ಚರಕ್ಕೂ ಜಗಳವಿಲ್ಲವೆಂಬುದು ಈ ಪ್ರಸಂಗದ ಪಾಠ. ಅದನ್ನು ನಾವು ಎಷ್ಟು ಕಲಿತೆವೆಂಬುದಕ್ಕೆ ಕೊರೋನಾ ಒಂದು ಪರೀಕ್ಷೆಯಾಯಿತು.

ಪ್ರಮಾಣಪತ್ರದ ಕಥೆಗಳು

2020ರ ಮಾರ್ಚ್-ಏಪ್ರಿಲ್‌ನಲ್ಲಿ ದೆಹಲಿಯ ನಿಝಾಮುದ್ದೀನಿನ ತಬ್ಲೀಗ್ ಸಮಾವೇಶದ ನಂತರ ಏನಾಯಿತೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಒಂದು ರೋಗಾಣುವಿಗೆ ಧರ್ಮವನ್ನು ಅಂಟಿಸಲಾಯಿತು. ಹಣ್ಣು ತರಕಾರಿ ಮಾರುವ ಮುಸ್ಲಿಮರನ್ನು ಊರೊಳಗೆ ಬಿಡಬೇಡಿ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಮುಂದಿನ ವರ್ಷ ಎರಡನೆಯ ಅಲೆ ಬಂತು. ಮಕ್ಕಳೇ ತಂದೆಯ ಶವ ಪಡೆಯಲು ಹೆದರಿದ ದಿನಗಳಲ್ಲಿ ರಾಜ್ಯದ ಹಲವು ಊರುಗಳಲ್ಲಿ ಮುಸ್ಲಿಂ ಯುವಕರ ತಂಡಗಳು ಎಲ್ಲ ಧರ್ಮದವರ ಶವಗಳನ್ನೂ ಹೊತ್ತು, ಅವರವರ ಪದ್ಧತಿಯಂತೆ ಸಂಸ್ಕಾರ ನೆರವೇರಿಸಿದವು. ಅಹಮದ್ ಬ್ಯಾರಿ ಈ ಸಲ ಹಗಲಿನಲ್ಲೇ ಬಂದ.

ನಾವು ಏನು ಮಾಡಿದೆವು? ನಮ್ಮ ಪತ್ರಿಕೆಗಳೂ ಸಂಘಟನೆಗಳೂ ಆ ಚಿತ್ರಗಳನ್ನು ಪುಟ ತುಂಬ ಹಾಕಿದೆವು. ನೋಡಿ, ನಾವೂ ಒಳ್ಳೆಯವರು ಎಂಬ ದನಿ ಆ ಬರಹಗಳಲ್ಲಿತ್ತು. ಅವಮಾನದ ಬಿಸಿಯಲ್ಲಿ ಬರೆದದ್ದು, ಅರ್ಥವಾಗುತ್ತದೆ. ಆದರೆ ಹೆಣ ಹೊತ್ತವನ ಕೆಲಸವನ್ನು ನಮ್ಮ ನಿಷ್ಠೆಯ ಪ್ರಮಾಣಪತ್ರವಾಗಿ ಬಳಸಿದಾಗ ಆ ಕೆಲಸವೇ ಸಣ್ಣದಾಗುತ್ತದೆ. ಆ ಯುವಕರು ಯಾರಿಗೂ ಏನನ್ನೂ ಸಾಬೀತು ಮಾಡಲು ಹೋಗಿರಲಿಲ್ಲ.

ಇನ್ನೊಂದು ತಪ್ಪೂ ಆಯಿತು. ನಮ್ಮವರ ಚಿತ್ರಗಳ ನಡುವೆ ಬೇರೆಯವರು ಕಾಣದಾದರು. ಚಿತಾಗಾರಗಳಲ್ಲಿ ಹಗಲು ರಾತ್ರಿ ದ.ಹನಕ್ಕೆ ನಿಂತ ಕಾರ್ಮಿಕರು, ಪೌರಕಾರ್ಮಿಕರು, ಮನೆ ಮನೆ ತಿರುಗಿದ ಆಶಾ ಕಾರ್ಯಕರ್ತೆಯರು ಎಷ್ಟು ಪುಟ ಪಡೆದರು? 2020ರ ಜುಲೈಯಲ್ಲಿ, ರೋಗ ಏರುತ್ತಿರುವಾಗಲೇ, ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ, ನಮ್ಮವರೇ ಹೆಚ್ಚಾಗಿರುವ ಬಡಾವಣೆಯೊಂದರಲ್ಲಿ, ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಭಯವೂ ವದಂತಿಯೂ ಅದರ ಹಿಂದೆ ಇದ್ದವು, ನಿಜ. ಆದರೂ ಬದುವಿನ ಮೇಲೆ ರಾಗಿ ಇಡಲು ಬಂದವಳನ್ನು ನಾವೇ ಅಟ್ಟಿದ ಕ್ಷಣ ಅದು. ಹೆಣ ಹೊತ್ತ ಚಿತ್ರವನ್ನು ಇಟ್ಟುಕೊಳ್ಳುವವರು ಇದನ್ನೂ ಇಟ್ಟುಕೊಳ್ಳಬೇಕು.

ರಾಜ್ಯದಲ್ಲಿ ಕೊರೋನಾದಿಂದ ಸತ್ತವರು ಅಧಿಕೃತ ಲೆಕ್ಕದಲ್ಲೇ 40 ಸಾವಿರಕ್ಕೂ ಹೆಚ್ಚು. 2021ರ ಮೇ 2 ಮತ್ತು 3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಸತ್ತ 24 ಮಂದಿಯ ಬದುಕು ನಿಂತಿದ್ದದ್ದು ಛಲದ ಮೇಲಲ್ಲ, ಹೊತ್ತಿಗೆ ಬರಬೇಕಾದ ಆಮ್ಲಜನಕದ ಸಿಲಿಂಡರುಗಳ ಮೇಲೆ. 1877ರಲ್ಲಿ ಬೆಂಗಳೂರಿನಾಚೆ ಗಾಡಿ ಇರಲಿಲ್ಲ. 2021ರಲ್ಲಿ ಗಾಡಿಗೆ ಬರ ಇರಲಿಲ್ಲ.

ಮಾರಿಯ ಜಾತ್ರೆಯಲ್ಲಿ

2022ರ ಮಾರ್ಚಿನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಕಾಪುವಿನ ಮಾರಿಗುಡಿಯಲ್ಲೂ ಹಾಗೆಯೇ ಆಯಿತು. ಅಲ್ಲಿಂದ ಅದು ಬೇರೆ ಜಾತ್ರೆಗಳಿಗೂ ಹಬ್ಬಿತು. ಬಳೆ, ಬತ್ತಾಸು, ಆಟಿಕೆ ಮಾರಿ ಬದುಕುವವರ ಹೊಟ್ಟೆಪಾಡಿನ ಪ್ರಶ್ನೆಯಾಗಿ ಅದನ್ನು ಅಂದು ಎಲ್ಲರೂ ಚರ್ಚಿಸಿದರು. ಅದು ಸರಿಯೂ ಹೌದು. ಆದರೆ ಅದರಲ್ಲಿ ಇನ್ನೊಂದು ವ್ಯಂಗ್ಯವಿತ್ತು. ನಮ್ಮ ನಾಡಿನಲ್ಲಿ ಮಾರಿ ಎಂದರೆ ಸಿಡುಬು, ಕಾಲರಾ, ಪ್ಲೇಗುಗಳ ನೆನಪು. ಸಾಮೂಹಿಕ ಸಾವನ್ನು ಕಂಡ ಊರುಗಳು ತಾವು ಉಳಿದೆವೆಂಬುದನ್ನು ಒಟ್ಟಾಗಿ ನೆನೆಯುವ ದಿನವೂ ಆ ಜಾತ್ರೆ. ಅಂತಹ ಜಾತ್ರೆಯಿಂದಲೇ ಯಾರನ್ನೋ ಹೊರಗಿಡುವುದೆಂದರೆ, ಉಳಿದದ್ದು ಹೇಗೆಂಬುದನ್ನು ಊರು ಮರೆತಿದೆಯೆಂದೇ ಅರ್ಥ.

ಅಂಗಡಿ, ಸಾಲ, ಗಾಡಿ ಬಾಡಿಗೆ, ಮದುವೆಯ ಕರೆ, ಹೊಲದ ನೆರೆ ಇವೆಲ್ಲ ಸಣ್ಣ ವಿಷಯಗಳು. ಆದರೆ ನಾರಣಪ್ಪನ ಹೆಣವನ್ನು ಎತ್ತಿದ್ದು ಎತ್ತಿನ ಸಾಲ. ಬಹಿಷ್ಕಾರಕ್ಕೆ ಕರೆ ಕೊಡುವವರು ಇಂದಿನ ವ್ಯಾಪಾರವನ್ನು ನಿಲ್ಲಿಸುವುದರ ಜೊತೆಗೆ, ನಾಳಿನ ದುರಂತದ ರಾತ್ರಿ ಯಾರೋ ನಡೆದು ಬರಬೇಕಾದ ದಾರಿಯನ್ನೂ ಅಗೆದು ಹಾಕುತ್ತಾರೆ. ಆ ರಾತ್ರಿ ಬಾಗಿಲೊಳಗೆ ಇರುವವರು ಯಾರು, ಹೊರಗೆ ನಿಲ್ಲುವವರು ಯಾರು ಎಂದು ಮೊದಲೇ ಹೇಳಬಲ್ಲವರಿಲ್ಲ.

ನಮ್ಮ ಬರಹಗಾರರಲ್ಲಿ, ಮುಸ್ಲಿಮರಿರಲಿ ಇತರರಿರಲಿ, ನಮ್ಮದೊಂದು ವಿನಂತಿಯಿದೆ. ದುರಂತದ ಕಥೆ ಬರೆಯುವಾಗ ಉಳಿದವನ ಹತ್ತಿರ ಇನ್ನೊಂದು ಪ್ರಶ್ನೆ ಕೇಳಿ: ನಿನ್ನನ್ನು ಉಳಿಸಿದವರು ಯಾರು? ಆಮೇಲೆ, ಬಾಗಿಲು ಹಾಕಿಕೊಂಡವರು ಯಾರೆಂಬುದನ್ನೂ ಕೇಳಿ. ಪ್ಲೇಗನ್ನು ಕಂಡವರು ಈಗ ಹೆಚ್ಚು ಮಂದಿ ಉಳಿದಿಲ್ಲ. ಕಂಡವರಿಂದ ಕೇಳಿದವರು ಇನ್ನೂ ಚಹಾದಂಗಡಿಗಳ ಮೂಲೆಗಳಲ್ಲಿ ಕುಳಿತಿದ್ದಾರೆ. ಕೊರೋನಾವನ್ನು ಕಂಡವರು ನಾವೆಲ್ಲರೂ ಇದ್ದೇವೆ. ಹೆಸರುಗಳು ನಮಗಿನ್ನೂ ನೆನಪಿವೆ.

ಕೊತ್ತಗೆರೆಯ ಆ ತಾಯಿ ಸಾಯುವ ತನಕ ಒಂದು ದನಿಯನ್ನು ನೆನಪಿಟ್ಟುಕೊಂಡಿದ್ದಳು. ಆ ದನಿ ಯಾವ ಜಾತಿಯದು, ಯಾವ ಧರ್ಮದ್ದು ಎಂದು ಅವಳ ಮಗನನ್ನು ಕೇಳಬೇಕೆಂದು ನಮಗೂ ಒಂದು ಕ್ಷಣ ಅನಿಸಿತ್ತು. ಕೇಳಲಿಲ್ಲ. ಏಳು ವರ್ಷದ ಆ ಹುಡುಗಿ ಅದನ್ನು ಕೇಳಿರಲಿಲ್ಲ. ಅವಳು ಬದುವಿನ ತನಕ ನಡೆದು ಹೋಗಿ ರಾಗಿಯನ್ನು ಎತ್ತಿಕೊಂಡಿದ್ದಳು.